ಮೆರುಗಿನ ಮೇಲಿನ ಹೂಬಳ್ಳಿ: ಬೀದರಿನ ಹೆಂಚುಗಳನ್ನು ಕುರಿತು ಒಂದು ವಿಮರ್ಶೆ

ಶಹಾಬಾದಿನವರಿಗೆ ಕಟ್ಟಡವೆಂದೊಡನೆ ನೆನಪಿಗೆ ಬರುವುದು ಕಲ್ಲು. ಪದರಪದರವಾಗಿ ಏಳುವ ಇಲ್ಲಿಯ ಫರಸಿಯು ನಾಡಿನ ಎಷ್ಟೋ ಮನೆಗಳಿಗೆ ನೆಲವಾಗಿದೆ. ಅಂಥ ಮನೆಗಳ ಗೋಡೆಯ ಮೇಲೆ ಹೂವು, ಎಲೆ, ಹಕ್ಕಿಗಳನ್ನು ಕೈಯಿಂದ ಬರೆದ ಪಿಂಗಾಣಿಯ ತಟ್ಟೆಯೊಂದು ಕಂಡರೆ, ಹೂವು ನಿಜವಾದ ಹೂವಿನಂತೆಯೇ ಇದೆಯೆಂದು ನಾವು ಮೆಚ್ಚಿಕೊಳ್ಳುತ್ತೇವೆ. ಈ ಅಳತೆಗೋಲು ಸರಿಯೇ ಎಂಬುದನ್ನು, ನೆರೆಯ ಬೀದರಿನ ಮೆರುಗಿನ ಹೆಂಚುಗಳನ್ನು ಮುಂದಿಟ್ಟುಕೊಂಡು ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ.

ಬಹಮನೀ ರಾಜ್ಯದ ರಾಜಧಾನಿಯು 15ನೆಯ ಶತಮಾನದ ಪೂರ್ವಾರ್ಧದಲ್ಲಿ ಕಲಬುರ್ಗಿಯಿಂದ ಬೀದರಿಗೆ ಹೋಯಿತು. ಇರಾನಿನಿಂದ ಬಂದ ವಿದ್ವಾಂಸರಿಗೂ ಕುಶಲಕರ್ಮಿಗಳಿಗೂ ಅಲ್ಲಿ ಆಶ್ರಯ ದೊರೆಯಿತು. ಅವರೊಡನೆ ಬಂದ ಹೆಂಚಿನ ಕೆಲಸದ ಎರಡು ಮುಖ್ಯ ನಿದರ್ಶನಗಳು ಅಳಿದುಳಿದ ರೂಪದಲ್ಲಿ ಇಂದಿಗೂ ಇವೆ. ಒಂದು, 1458ರಲ್ಲಿ ತೀರಿಕೊಂಡ ಸುಲ್ತಾನ ಅಲ್ಲಾವುದ್ದೀನ ಅಹಮದನ ಗೋರಿ, ಇದು ಅಷ್ಟೂರಿನಲ್ಲಿದೆ. ಇನ್ನೊಂದು, ಗೀಲಾನ್ ಪ್ರಾಂತದಿಂದ ಬಂದು ಮಂತ್ರಿಪದವಿಗೇರಿದ ಮಹಮೂದ ಗವಾನನು 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದರಸಾ.

ಈ ಹೆಂಚುಗಳಲ್ಲಿ ನೀಲಿಗೇ ಪ್ರಾಧಾನ್ಯ. ಅದರೊಡನೆ ಬಿಳಿ, ಹಳದಿ, ಹಸುರುಗಳೂ ಉಂಟು. ಬಳ್ಳಿಯು ಸುರುಳಿ ಸುತ್ತುತ್ತ ತನಗೊದಗಿದ ಅಂಕಣವನ್ನು ತುಂಬುತ್ತದೆ. ಇಲ್ಲಿಯ ಹೂವು ಯಾವ ಗಿಡದ್ದೆಂದು ಸಸ್ಯಶಾಸ್ತ್ರಜ್ಞನು ಕೇಳಿದರೆ ಹೇಳುವುದು ಕಷ್ಟ. ಅನುಕರಣೆಯನ್ನೇ ಬಯಸುವವರಿಗೆ ಇದು ದೋಷವಾಗಿ ಕಂಡೀತು. ಆದರೆ ಒಂದು ಗೆಣ್ಣಿನಿಂದ ಮತ್ತೊಂದು ಕವಲೊಡೆದು ಮುಂದುವರಿಯುವ ಬಳ್ಳಿಯ ನಡೆಯನ್ನು ಕಲಾವಿದನು ಚೆನ್ನಾಗಿ ಗಮನಿಸಿದ್ದಾನೆ. ಅವನು ನಿಸರ್ಗದಿಂದ ಮುಖವನ್ನಲ್ಲ, ನಡೆಯನ್ನು ಪಡೆದನು.

ಇದಕ್ಕೆ ಕಸುಬಿನಲ್ಲಿಯೇ ಕಾರಣವುಂಟು. ಇರಾನೀ ಪದ್ಧತಿಯಲ್ಲಿ ಬೇರೆ ಬೇರೆ ಬಣ್ಣದ ಹೆಂಚುಗಳನ್ನು ಸುಟ್ಟು, ಕತ್ತರಿಸಿ ಜೋಡಿಸುವುದುಂಟು. ಹೆಂಚಿನ ಮೇಲೆ ಬರೆದು ಸುಡುವುದೂ ಉಂಟು. ನೀಲಿಗೆ ಕೋಬಾಲ್ಟ್, ಹಸುರು ಛಾಯೆಗಳಿಗೆ ತಾಮ್ರ ಆಧಾರ. ಬರೆಯುವಾಗ ಮಂಕಾಗಿರುವ ಬಣ್ಣವು ಆವಿಗೆಯ ಬೆಂಕಿಯಲ್ಲಿ ಮಾತ್ರ ತನ್ನ ನಿಜರೂಪವನ್ನು ತೋರುತ್ತದೆ. ಕುಂಚದ ತುದಿಯಲ್ಲಿ ಕಾಣದ ಬಣ್ಣದಿಂದ ಹೂವಿನ ಸೂಕ್ಷ್ಮ ಛಾಯೆಗಳನ್ನು ನಕಲು ಮಾಡುವುದು ಸುಲಭವಲ್ಲ. ಆದುದರಿಂದ ಇಲ್ಲಿ ದಿಟ್ಟವಾದ ರೇಖೆಗೂ ಸಮತಲದ ವರ್ಣಕ್ಕೂ ಬೆಲೆ ಹೆಚ್ಚು.

ಆದರೂ ಈ ಎರಡು ಕಟ್ಟಡಗಳನ್ನು ಸಮನಾಗಿ ಹೊಗಳುವುದು ಉಚಿತವಲ್ಲ. ಮದರಸಾದ ಮುಂಭಾಗದಲ್ಲಿ ಹೆಂಚು ಗೋಡೆಗೆ ತೊಡಿಸಿದ ಅಂಗಿಯಂತಿದೆ. 1696ರಲ್ಲಿ ಮದ್ದಿನ ಸ್ಫೋಟದಿಂದ ಕಟ್ಟಡದ ಒಂದು ಭಾಗ ಹಾಳಾಯಿತು. ಉಳಿದ ಗೋಡೆಯಲ್ಲಿ ಹೆಂಚು ಉದುರಿದೆಡೆ ಬರಿಯ ಗಾರೆಕಲ್ಲುಗಳಷ್ಟೇ ಕಾಣುತ್ತವೆ. ಅಷ್ಟೂರಿನ ಗೋರಿಯಲ್ಲಾದರೋ ಕಮಾನಿನ ಅಂಚುಗಳಿಗೆ ಕೆತ್ತಿದ ಕರಿಯ ಕಲ್ಲನ್ನು ಅಳವಡಿಸಿ, ನಡುವೆ ಹೆಂಚನ್ನು ಕೂಡಿಸಲಾಗಿದೆ. ಹೆಂಚು ಬಹುಮಟ್ಟಿಗೆ ಹೋದರೂ ವಿನ್ಯಾಸ ನಿಂತಿದೆ. ಮದರಸಾದ ಕೀರ್ತಿ ದೊಡ್ಡದು. ಆದರೆ ಹೂವನ್ನು ಅದರ ಆಧಾರವಸ್ತುವಿಗೆ ಬೆಸೆಯುವ ವಿವೇಕದಲ್ಲಿ ಗೋರಿಯೇ ಮೇಲೆಂದು ನನ್ನ ಅಭಿಪ್ರಾಯ.

ಇದೇ ವಿವೇಕವನ್ನು ಬಿದರಿ ತಟ್ಟೆಗಳಲ್ಲಿ ನೋಡಬಹುದು. ಸತುವಿಗೆ ತಾಮ್ರ ಬೆರೆಸಿದ ಎರಕದ ಮೇಲೆ ಚಾಣದಿಂದ ಹೂಬಳ್ಳಿಯನ್ನು ಕೊರೆದು, ಬೆಳ್ಳಿಯನ್ನು ಕೂಡಿಸಿ, ಬೀದರ ಕೋಟೆಯ ಹಳೆಯ ಮಣ್ಣನ್ನು ಬಳಸಿ ತಟ್ಟೆಗೆ ಕಪ್ಪು ಬರಿಸುತ್ತಾರೆ. ಇಲ್ಲಿ ಹೂವು ಮೇಲೆ ಹಚ್ಚಿದ್ದಲ್ಲ, ಒಳಗೆ ನೆಟ್ಟದ್ದು. ಮೆರುಗಿನ ಹೆಂಚಿನ ಕಲೆ ಬೀದರಿನ ಬದುಕಿನಿಂದ ಮರೆಯಾಯಿತು. ಬಿದರಿಯು ಇಂದಿಗೂ ಜೀವಂತವಾಗಿದೆ. ಇದಕ್ಕೆ ಆಶ್ರಯ, ಬೇಡಿಕೆ ಮೊದಲಾದ ಬೇರೆ ಕಾರಣಗಳೂ ಇರಬಹುದು. ಆದರೂ ವಸ್ತುವಿನೊಡನೆ ಹೊಂದಿಕೊಂಡ ಅಲಂಕಾರದ ಬಾಳಿಕೆಯನ್ನು ಇದರಿಂದ ಮನಗಾಣಬಹುದು.

ಆದಕಾರಣ ಪಿಂಗಾಣಿಯ ತಟ್ಟೆಯನ್ನು ನೋಡುವಾಗ, ಹೂವು ಹೂವಿನಂತಿದೆಯೇ ಎಂದು ಕೇಳಿದರೆ ಸಾಲದು. ಬಳ್ಳಿಯು ತಟ್ಟೆಯ ದುಂಡಿಗೆ ಬಾಗಿದೆಯೇ, ಬಣ್ಣವು ಬೆಂಕಿಗೆ ಒಪ್ಪಿದೆಯೇ ಎಂದೂ ಕೇಳಬೇಕು. ಅಷ್ಟೂರಿನಲ್ಲಿ ಉಳಿದಿರುವ ತುಣುಕುಗಳು ಈ ಪ್ರಶ್ನೆಗಳನ್ನು ಕಲಿಸಬಲ್ಲವು. ಅವು ಉದುರಿಹೋಗುವ ಮೊದಲು ನಮ್ಮ ವಿದ್ಯಾರ್ಥಿಗಳು ಅಲ್ಲಿಗೆ ಹೋಗಿ, ಕಂಡುದನ್ನು ಕೈಯಾರೆ ಬರೆದುಕೊಳ್ಳಬೇಕು.