ಎರಡು ಡಾಲರಿನ ವೈನು ಮತ್ತು ವಿಮರ್ಶಕರ ನಾಲಿಗೆ

2007ರ ಕ್ಯಾಲಿಫೋರ್ನಿಯಾ ಸ್ಟೇಟ್ ಫೇರ್‌ನ ವೈನ್ ಸ್ಪರ್ಧೆಯಲ್ಲಿ ಆ ರಾಜ್ಯದ ಅತ್ಯುತ್ತಮ ಶಾರ್ಡನೇ ಎಂಬ ಮನ್ನಣೆ ಸಿಕ್ಕಿದ್ದು ಚಾರ್ಲ್ಸ್ ಶಾ ಎಂಬ ವೈನಿಗೆ. ಟ್ರೇಡರ್ ಜೋಸ್ ಅಂಗಡಿಗಳಲ್ಲಿ ಆಗ ಅದರ ಬೆಲೆ ಬಾಟಲಿಗೆ 1.99 ಡಾಲರ್. ಜನ ಅದಕ್ಕೆ ‘ಟು ಬಕ್ ಚಕ್’ ಎಂದು ಅಡ್ಡಹೆಸರಿಟ್ಟಿದ್ದರು. ಹೆಸರು, ಬೆಲೆ ಎರಡೂ ತಿಳಿಯದೆ ರುಚಿ ನೋಡಿದ ತೀರ್ಪುಗಾರರು ಅದನ್ನು ದುಬಾರಿ ವೈನುಗಳಿಗಿಂತ ಮೇಲಿಟ್ಟರು.

ಇದನ್ನು ಸಾಮಾನ್ಯವಾಗಿ ಅಗ್ಗದ್ದು ಗೆದ್ದ ಕಥೆಯಾಗಿ ಹೇಳುತ್ತಾರೆ. ನನಗೂ ಹಾಗೇ ಓದಲು ಆಸೆ. ಆದರೆ ಅದೇ ಸ್ಪರ್ಧೆಯ ಇನ್ನೊಂದು ಕಥೆ ಅದಕ್ಕೆ ಅಡ್ಡಬರುತ್ತದೆ. ನಿವೃತ್ತ ಪ್ರಾಧ್ಯಾಪಕ, ಸ್ವತಃ ವೈನ್ ತಯಾರಕರಾದ ರಾಬರ್ಟ್ ಹಾಡ್ಸನ್ 2005ರಿಂದ ಅಲ್ಲಿ ಒಂದು ಪ್ರಯೋಗ ನಡೆಸಿದರು. ಒಂದೇ ಬಾಟಲಿಯ ವೈನನ್ನು ಬೇರೆ ವೈನುಗಳ ನಡುವೆ ಸೇರಿಸಿ, ಅದೇ ತೀರ್ಪುಗಾರರಿಗೆ ಮೂರು ಸಲ ಕೊಟ್ಟರು. ಮೂರು ಸಲವೂ ಹೆಚ್ಚುಕಡಿಮೆ ಒಂದೇ ಮಟ್ಟದ ಅಂಕ ಕೊಟ್ಟವರು ಸುಮಾರು ಶೇ. 10ರಷ್ಟು ಮಂದಿ ಮಾತ್ರ. ಕೆಲವರು ಒಂದೇ ವೈನಿಗೆ ಒಮ್ಮೆ ಕಂಚಿನ ಅಂಕ, ಇನ್ನೊಮ್ಮೆ ಚಿನ್ನದ ಅಂಕ ಕೊಟ್ಟಿದ್ದರು. ಹಾಗಾದರೆ ದುಬಾರಿ ವೈನಿನ ಪದಕ ಎಷ್ಟು ಗಟ್ಟಿಯೋ ಅಗ್ಗದ ವೈನಿನ ಪದಕವೂ ಅಷ್ಟೇ ಗಟ್ಟಿ.

ಇದನ್ನು ಓದಿ ನಗಲು ನನಗೆ ಧೈರ್ಯವಾಗಲಿಲ್ಲ. ಕಳೆದ ವರ್ಷ ಪದವಿ ವಿದ್ಯಾರ್ಥಿಗಳ ಕಿರುಪರೀಕ್ಷೆಯ ಉತ್ತರಗಳನ್ನು ತಿದ್ದಿ ಮುಗಿಸಿದ ಮೇಲೆ, ಅನುಮಾನ ಬಂದು ಮೊದಲ ಹತ್ತನ್ನು ಮತ್ತೆ ಓದಿದೆ. ಆರರಲ್ಲಿ ನನ್ನ ಅಂಕ ಬದಲಾಯಿತು.

ವೈನಿಗೆ ನೂರರ ಲೆಕ್ಕದಲ್ಲಿ ಅಂಕ ಕೊಡುವುದನ್ನು ಜನಪ್ರಿಯಗೊಳಿಸಿದವರು ವಕೀಲರಾಗಿದ್ದ ರಾಬರ್ಟ್ ಪಾರ್ಕರ್. 1978ರಲ್ಲಿ ಪತ್ರಿಕೆ ಶುರುಮಾಡಿದಾಗ ಅವರ ಉದ್ದೇಶ ಗ್ರಾಹಕರ ಪರ ನಿಲ್ಲುವುದಾಗಿತ್ತು. ಉದ್ದೇಶ ಒಳ್ಳೆಯದೇ. ಆದರೆ 87 ಎಂಬ ಅಂಕಿಯಲ್ಲಿ ಯಾವ ಊಟದ ಜೊತೆ, ಎಷ್ಟು ತಣ್ಣಗೆ, ಎಷ್ಟನೆಯ ಲೋಟ ಎಂಬುದು ಯಾವುದೂ ಕಾಣುವುದಿಲ್ಲ.

ಅಂಕಿ ಬೇಡವೆಂದರೆ ಮಾತು ಉಳಿಯುತ್ತದೆ. ಮಾತಿನಲ್ಲೂ ತೊಡಕಿದೆ. ಭಾಷಾವಿಜ್ಞಾನಿ ಏಡ್ರಿಯನ್ ಲೆಹರರ್ ತಮ್ಮ ಪ್ರಯೋಗಗಳಲ್ಲಿ ಒಬ್ಬರ ವೈನ್ ವರ್ಣನೆ ಕೇಳಿ ಇನ್ನೊಬ್ಬರು ಅದೇ ವೈನನ್ನು ಗುರುತಿಸಬಲ್ಲರೇ ಎಂದು ನೋಡಿದರು. ಬಹುತೇಕರಿಗೆ ಅದು ಸುಲಭವಾಗಲಿಲ್ಲ. ಬ್ಲ್ಯಾಕ್‌ಕರಂಟ್, ಸೀಡರ್ ಮರದ ಪರಿಮಳ ಎಂಬ ವರ್ಣನೆಯಂತೂ ಅವೆರಡನ್ನೂ ಕಾಣದ ನಮಗೆ ಬರೀ ಸದ್ದು.

ಹಾಗೆಂದು ಎಲ್ಲ ಮಾತೂ ಹೀಗಲ್ಲ. ಕೆಂಪು ವೈನಿನ ಟ್ಯಾನಿನ್ ಬಾಯನ್ನು ಒಣಗಿಸುವುದಕ್ಕೆ ಕನ್ನಡದಲ್ಲಿ ‘ಒಗರು’ ಎಂಬ ಪದ ಸಿದ್ಧವಾಗಿದೆ. ಗೇರುಹಣ್ಣು ತಿಂದವರಿಗೆ ಅದನ್ನು ವಿವರಿಸಬೇಕಿಲ್ಲ. ಅಗ್ಗದ ವೈನಿನ ಬಗ್ಗೆ ಬರೆಯುವವರು ಹೇಳಬೇಕಾದ್ದು ಇಂಥವು: ಹುಳಿಯನ್ನು ಮುಚ್ಚಲು ಸಿಹಿ ಉಳಿಸಿದ್ದಾರೆಯೇ? ತಣ್ಣಗಿದ್ದಾಗ ಅಡಗಿದ್ದ ದೋಷ ಬೆಚ್ಚಗಾದ ಮೇಲೆ ಮೇಲೆದ್ದು ಬರುತ್ತದೆಯೇ? ಖಾರದ ಊಟದ ಎದುರು ಒಗರು ಇನ್ನಷ್ಟು ಒರಟಾಗುತ್ತದೆಯೇ? ಮಾರನೆಯ ದಿನಕ್ಕೆ ಅದರಲ್ಲಿ ಏನಾದರೂ ಉಳಿದಿರುತ್ತದೆಯೇ?

ಇವಕ್ಕೆ ಕೊಡುವ ಉತ್ತರವನ್ನು ಓದುಗರು ನಾಳೆ ಸಂಜೆಯೇ ಪರೀಕ್ಷಿಸಬಹುದು. ಲಕ್ಷ ರೂಪಾಯಿಯ ಬಾಟಲಿಯ ಬಗ್ಗೆ ಏನು ಬರೆದರೂ ಪ್ರಶ್ನಿಸುವವರು ಕಡಿಮೆ, ಏಕೆಂದರೆ ಅದನ್ನು ಕುಡಿದವರೇ ಕಡಿಮೆ. ಅಗ್ಗದ ವೈನಿನ ವಿಮರ್ಶಕರಿಗೆ ಆ ರಕ್ಷಣೆಯಿಲ್ಲ. ಹಾಗಾಗಿ ವಿಮರ್ಶೆಯ ನಿಜವಾದ ಪರೀಕ್ಷೆ ಅಲ್ಲೇ ನಡೆಯುತ್ತದೆ ಎಂದು ನನಗನ್ನಿಸುತ್ತದೆ. ಪುಸ್ತಕಗಳಿಗೂ ಈ ಮಾತು ಸಲ್ಲುತ್ತದೆ. ಎಲ್ಲರೂ ಗೌರವಿಸುವ, ಕೆಲವರೇ ಓದಿರುವ ಕೃತಿಯನ್ನು ಹೊಗಳುವುದು ಸುಲಭ. ನೂರೈವತ್ತು ರೂಪಾಯಿಯ ಹೊಸ ಕಥಾಸಂಕಲನದ ಬಗ್ಗೆ ನಾಲ್ಕು ನಿಖರ ಮಾತು ಬರೆಯುವುದು ಕಷ್ಟ. ಓದುಗರು ಅದನ್ನು ಕೊಂಡು, ಓದಿ, ನಮ್ಮ ಮಾತಿಗೆ ಹೋಲಿಸಿ ನೋಡಬಲ್ಲರು.

ಆ ಹತ್ತು ಉತ್ತರಪತ್ರಿಕೆಗಳಲ್ಲಿ ನಾನು ಗಮನಿಸಿದ್ದು ಇನ್ನೊಂದಿದೆ. ಅಂಕ ಬದಲಾದ ಆರರಲ್ಲೂ ಅಂಚಿನಲ್ಲಿ ಬರೆದಿದ್ದ ಷರಾ ತಿದ್ದಬೇಕೆನಿಸಲಿಲ್ಲ. ‘ಎರಡನೆಯ ಉದಾಹರಣೆ ವಾದಕ್ಕೆ ಹೊಂದುತ್ತಿಲ್ಲ’ ಎಂದು ಒಂದರಲ್ಲಿ ಬರೆದಿದ್ದೆ. ಎರಡನೆಯ ಓದಿನಲ್ಲೂ ಅದು ಹೊಂದುತ್ತಿರಲಿಲ್ಲ.