ಚಕ್ಕೆಯ ಘಮಕ್ಕೆ ಬಿರಿದ ಟ್ಯಾಂಕು

ಉಪ್ಪಿನಕಾಯಿಗೆ ಪಿಂಗಾಣಿ ಜಾಡಿಯೇ ಆಗಬೇಕು, ಕಲಾಯಿ ಇಲ್ಲದ ಹಿತ್ತಾಳೆಗೆ ಹುಳಿ ತಾಗಿಸಬಾರದು ಎಂದು ಅಜ್ಜಿ ಹೇಳಿದ್ದಳು. ಇಷ್ಟು ಕೇಳಿ ಬೆಳೆದವನು ಲೆಸ್ಟರಿಗೆ ಬಂದು, ಸಿಗರೇಟು ಬಿಡಲೆಂದು ಕೊಂಡ ಮೊದಲ ವೇಪಿನ, ಅಂದರೆ ಇ-ಸಿಗರೇಟಿನ, ಪ್ಲಾಸ್ಟಿಕ್ ಟ್ಯಾಂಕಿಗೆ ಚಕ್ಕೆ ಪರಿಮಳದ ದ್ರವ ಸುರಿದೆ. ಮೊದಲ ದಿನ ಟ್ಯಾಂಕಿನ ಮೈ ಮಂಜಾಯಿತು. ಮರುದಿನ ತಿರುಪಿನ ಸುತ್ತ ಕೂದಲೆಳೆಯಂಥ ಗೀರುಗಳೆದ್ದವು. ಮೂರನೆಯ ದಿನ ಕೋಟಿನ ಜೇಬೆಲ್ಲ ಅಂಟಂಟು. ವಾರವಿಡೀ ನಾನು ಹೋದಲ್ಲೆಲ್ಲ ಪಲಾವಿನ ವಾಸನೆ.

ಚಕ್ಕೆಗೆ ಘಮ ಕೊಡುವುದು ಸಿನ್ನಮಾಲ್ಡಿಹೈಡ್. ಅದಕ್ಕೂ, ನಿಂಬೆ-ಕಿತ್ತಳೆ ಸಿಪ್ಪೆಯ ಲಿಮೊನೀನಿಗೂ, ಸೋಂಪಿನ ಅನೆಥೋಲಿಗೂ ಪಾಲಿಕಾರ್ಬೊನೇಟ್, ಅಕ್ರಿಲಿಕ್‌ಗಳ ಒಳಗಿಳಿದು ಅವನ್ನು ಸಡಿಲಿಸುವ ಗುಣವಿದೆ. ಅಚ್ಚಿನಲ್ಲಿ ತಣಿಯುವಾಗ ಉಳಿದ ಸೆಳೆತ, ತಿರುಪು ಬಿಗಿದಾಗಿನ ಒತ್ತಡ ಎರಡೂ ಸೇರಿದ ಕಡೆಯೇ ಪ್ಲಾಸ್ಟಿಕ್ ಬಾಯಿಬಿಡುತ್ತದೆ. ಹಾಗಾಗಿ ಮೊದಲು ರಸ ಯಾವುದೆಂದು ಗೊತ್ತು ಮಾಡಿಕೊಳ್ಳಿ, ಟ್ಯಾಂಕು ಆಮೇಲೆ. ಬರೀ ತಂಬಾಕಿನ ರುಚಿಯವರಿಗೆ ಪ್ಲಾಸ್ಟಿಕ್ಕೂ ನಡೆದೀತು. (ಸಿಗರೇಟನ್ನೇ ಮುಟ್ಟದವರು ಇಲ್ಲಿ ನಿಲ್ಲದೆ ನೇರ ಪದಬಂಧಕ್ಕೆ ಹೋಗಿ.)

ನನ್ನ ಓಟು ಗಾಜಿಗೆ. ಲ್ಯಾಬಿನ ಬೀಕರಿಗೆ ಬಳಸುವ ಬೊರೊಸಿಲಿಕೇಟ್ ಗಾಜು ಪರಿಮಳವನ್ನು ಹೀರುವುದಿಲ್ಲ. ನಿನ್ನೆಯ ಪುದೀನ ಇಂದಿನ ಮಾವಿಗೆ ಅಂಟುವುದಿಲ್ಲ. ಅಂಟಿತೆಂದರೆ ಗಾಜನ್ನು ಬೈಯಬೇಡಿ, ಬಿಗಿತಕ್ಕೆಂದು ಹಾಕಿರುವ ರಬ್ಬರ್ ಉಂಗುರವನ್ನು ಮೂಸಿ ನೋಡಿ. ಬಿಸಿಗೆ ಜಗ್ಗದ ಈ ಗಾಜು ಬಚ್ಚಲಿನ ಟೈಲ್ಸಿಗೆ ಮಾತ್ರ ಸೋಲುತ್ತದೆ. ಎರಡು ಗಾಜಿನ ಕೊಳವೆ ಹೆಚ್ಚಿಗೆ ಕೊಂಡಿಡಿ. ಎತ್ತರ, ಅಡ್ಡಳತೆ ಎರಡೂ ನೋಡಿ ಕೊಳ್ಳಿ. ಒಂದು ಮಿಲಿಮೀಟರು ಆಚೀಚೆಯಾದರೂ ಸೋರಿಕೆ ತಪ್ಪಿದ್ದಲ್ಲ. ಸೋರಿದ್ದು ಕೈಗೆ ತಾಗಿದರೆ ತಕ್ಷಣ ತೊಳೆಯಿರಿ, ನಿಕೋಟಿನ್ ಚರ್ಮದ ಮೂಲಕವೂ ಇಳಿಯುತ್ತದೆ.

ಸ್ಟೀಲಿನ ಟ್ಯಾಂಕು ಬಿದ್ದರೂ ಒಡೆಯದು, ನಿಜ. ಆದರೆ ಒಳಗೆ ರಸ ಎಷ್ಟಿದೆಯೆಂದು ಕಾಣದು. ಇಲ್ಲಿನ ಕಾನೂನು ಟ್ಯಾಂಕಿಗೆ ಕೊಡುವುದೇ 2 ಮಿಲಿಲೀಟರು. ಅದು ಮುಗಿದದ್ದು ತಿಳಿಯುವುದು ಬತ್ತಿಯ ಒಣ ಹತ್ತಿ ಸುಟ್ಟು ಗಂಟಲಿಗೆ ಬಡಿದಾಗ. ಆ ರುಚಿ ನಾಲಿಗೆಯಿಂದ ಬೇಗ ಹೋಗುವುದಿಲ್ಲ, ಕಾಫಿಗೂ ಜಗ್ಗುವುದಿಲ್ಲ.

ಭಾರತದಲ್ಲಿ ಇ-ಸಿಗರೇಟಿನ ಆಮದು, ಮಾರಾಟ, ದಾಸ್ತಾನು ಎಲ್ಲವನ್ನೂ 2019ರ ಕಾಯ್ದೆ ನಿಷೇಧಿಸಿದೆ. ಕಳೆದ ಸಲ ಮೈಸೂರಿಗೆ ಹೊರಟಾಗ ಟ್ಯಾಂಕನ್ನು ತೊಳೆದು ಒರೆಸಿ, ಉಣ್ಣೆಯ ಕಾಲುಚೀಲದೊಳಗೆ ತೂರಿಸಿ ಇಲ್ಲೇ ಡ್ರಾಯರಿನಲ್ಲಿಟ್ಟು ಹೋದೆ. ಮೂರು ವಾರದ ಮೇಲೆ ಬಂದು ತೆಗೆದರೆ ಗಾಜು ಹೊಸದರಂತಿತ್ತು. ಕಾಲುಚೀಲಕ್ಕೆ ಮಾತ್ರ ಮಾವಿನ ವಾಸನೆ.