ಅವಧಿಯ ತಡೆ

ಮನುಷ್ಯನ ಆದ್ಯ ಅವಶ್ಯಕತೆಗಳಲ್ಲೊಂದಾದ ವಸತಿಯನ್ನು ಕುರಿತು, ಇಷ್ಟು ವರ್ಷ ಯಾರೂ ಹೊಸದಾಗಿ ಮನೆ ಕಟ್ಟಕೂಡದೆಂದು ಹೇಳುವ ಅಧಿಕಾರವನ್ನು ಆಳುವ ಸಂಸ್ಥೆಯೊಂದು ಕೈಗೆತ್ತಿಕೊಳ್ಳುವುದು ಸಾಮಾನ್ಯವಾದ ಸಂಗತಿಯಲ್ಲ. ಅಂತಹ ಮಾತು ನಮ್ಮ ನಾಡಿನಲ್ಲಿ ಗಟ್ಟಿಯಾಗಿ ಕೇಳಿಬಂದದ್ದು 2019ರ ಜೂನ್ ತಿಂಗಳ ಕೊನೆಯಲ್ಲಿ. ನೀರಿನ ಆಧಾರವನ್ನು ಖಚಿತಪಡಿಸದೆ ಮನೆಗಳನ್ನು ಮಾರುತ್ತಿದ್ದಾರೆ, ಕೊಂಡವರು ಟ್ಯಾಂಕರುಗಳ ನೀರಿಗೆ ಕಾಯಬೇಕಾಗಿದೆ ಎಂಬ ಕಾರಣವನ್ನು ಮುಂದಿಟ್ಟು, ಆಗ ಉಪಮುಖ್ಯಮಂತ್ರಿಗಳಾಗಿದ್ದ ಜಿ. ಪರಮೇಶ್ವರ ಅವರು ಬೆಂಗಳೂರಿನಲ್ಲಿ ಹೊಸ ಅಪಾರ್ಟ್‌ಮೆಂಟುಗಳ ನಿರ್ಮಾಣವನ್ನು ಐದು ವರ್ಷ ತಡೆಯುವ ಆಲೋಚನೆಯಿದೆಯೆಂದು ಪ್ರಕಟಿಸಿದರು. ನಿರ್ಮಾಣೋದ್ಯಮದವರು ಕೂಡಲೆ ವಿರೋಧಿಸಿದರು, ಮರುತಿಂಗಳು ಆ ಸರ್ಕಾರವೇ ಬಿದ್ದುಹೋಯಿತು, ಆಲೋಚನೆಯು ಆಜ್ಞೆಯಾಗಲಿಲ್ಲ.

ಆ ಪ್ರಸ್ತಾಪದ ಗುಣವನ್ನು ಮೊದಲು ಹೇಳುವುದು ನ್ಯಾಯ. ನೀರಿಲ್ಲದೆಡೆ ಮನೆಗೆ ಅನುಮತಿ ಕೊಡುವುದು ಆಡಳಿತದ ಅಪರಾಧವೆಂಬುದನ್ನು ಆಡಳಿತದ ಬಾಯಿಂದಲೇ ಒಪ್ಪಿಸಿದ ಮಾತು ಅದು. ಆದರೆ ಐದು ವರ್ಷವೆಂಬ ಅವಧಿಗೆ ಆಧಾರವೇನು, ಅದರೊಳಗೆ ಸರ್ಕಾರವು ತಾನು ಮಾಡಬೇಕಾದ ಕೆಲಸವೇನು ಎಂಬುದನ್ನು ಪ್ರಸ್ತಾಪವು ಸ್ಪಷ್ಟಪಡಿಸಲಿಲ್ಲ. 2007ರಲ್ಲಿ ಮಹಾನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ, ದಿನಕ್ಕೆ 775 ದಶಲಕ್ಷ ಲೀಟರ್ ನೀರು ತರುವ ಕಾವೇರಿ ಐದನೆಯ ಹಂತವು ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ತಡೆಯ ಅಂತ್ಯವನ್ನು ಈ ಯೋಜನೆಯ ಸಮಾಪ್ತಿಗೆ ಬಿಗಿದಿದ್ದರೆ, ಕಾಯುವ ಪ್ರಜೆಯ ಜೊತೆಗೆ ಕಾಯಿಸುವ ಸರ್ಕಾರವೂ ಬದ್ಧವಾಗುತ್ತಿತ್ತು. ಮುಂಬಯಿಯಲ್ಲಿ ಕಂಡದ್ದು ಬೇರೆ ಮಾದರಿ. ಅಲ್ಲಿನ ಕಸದ ರಾಶಿಗಳಿಗೆ ವಿಲೇವಾರಿ ಇಲ್ಲದ್ದನ್ನು ಕಂಡು ಹೈಕೋರ್ಟು 2016ರ ಫೆಬ್ರವರಿಯಲ್ಲಿ ಹೊಸ ಕಟ್ಟಡಗಳಿಗೆ ಅನುಮತಿಯನ್ನು ನಿಲ್ಲಿಸಿತು. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಆರು ತಿಂಗಳ ಮಟ್ಟಿಗೆ, ಷರತ್ತುಗಳೊಡನೆ ಸಡಿಲಿಸಿತು. ಅಲ್ಲಿ ತಡೆಗೂ ಕಾರಣಕ್ಕೂ ಸಂಬಂಧವಿತ್ತು. ಆದರೆ ಚುನಾಯಿತ ಸಭೆ ಮಾಡಬೇಕಾದ ಚರ್ಚೆಯನ್ನು ನ್ಯಾಯಾಲಯ ಮಾಡಬೇಕಾಯಿತೆಂಬುದು ನನ್ನ ಮನಸ್ಸಿಗೆ ಒಪ್ಪುವಂಥದಲ್ಲ.

ಈ ವಿಚಾರವನ್ನು ನಾನು ಬೆಂಗಳೂರಿನ ಸಲುವಾಗಿ ಬರೆಯುತ್ತಿಲ್ಲ. ಅದೇ 2019ರ ಬೇಸಿಗೆಯಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ನಮ್ಮ ಕೃಷ್ಣೆ ಬತ್ತಿ, ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿಯ ಜನ ಮಹಾರಾಷ್ಟ್ರದ ಕೊಯ್ನಾ ಜಲಾಶಯದಿಂದ ನೀರು ಬಿಡಿಸಿರೆಂದು ಮೊರೆಯಿಟ್ಟಿದ್ದರು. ಆಗಸ್ಟಿನಲ್ಲಿ ಅದೇ ಕೃಷ್ಣೆ, ದೂಧಗಂಗಾ ವೇದಗಂಗಾಗಳೊಡನೆ ಸೊಕ್ಕಿ ಬಂದು ಅದೇ ಜನರ ಮನೆಗಳ ಗೋಡೆಗಳನ್ನು ಕೆಡವಿತು. ನಿಪ್ಪಾಣಿಯ ಹತ್ತಿರ ಯಮಗರ್ಣಿಯಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯೇ ನೀರಿನಡಿಗೆ ಹೋಯಿತು. 2021ರ ಜುಲೈಯಲ್ಲಿ ಮತ್ತೊಮ್ಮೆ ಹೋಯಿತು. ಕಲ್ಲೋಳ–ಯಡೂರಿನ ಸೇತುವೆ ಮುಳುಗಿತೆಂಬ ಸುದ್ದಿ ನಮಗೆ ಮಳೆಗಾಲದ ವಾಡಿಕೆಯ ಸುದ್ದಿ. ಒಂದೇ ವರ್ಷದಲ್ಲಿ ನೀರಿನ ಅಭಾವವನ್ನೂ ಅತಿರೇಕವನ್ನೂ ಕಂಡ ನೆಲದಲ್ಲಿ ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಕಟ್ಟಲಾಗದು ಎಂಬುದಕ್ಕಿಂತ ಹಿರಿದಾದ ಪ್ರಶ್ನೆ ಪುರಸಭೆಗೆ ಇನ್ನಾವುದಿದ್ದೀತು?

ಆದರೂ ನಮ್ಮಲ್ಲಿ ಹೊಲವು ಊರಾಗುವ ಕ್ರಮ ಬೇರೆಯೇ ಇದೆ. ಉತಾರದಲ್ಲಿ (ಪಹಣಿಯಲ್ಲಿ) ಇನ್ನೂ ಕಬ್ಬು ಬೆಳೆಯುವ ಎರೆಭೂಮಿಯೆಂದಿರುವಾಗಲೇ ಸುಣ್ಣದ ಗೆರೆ ಎಳೆದು ಗುಂಟೆಯ ಲೆಕ್ಕದಲ್ಲಿ ಪ್ಲಾಟು ಮಾರಿಬಿಡುತ್ತಾರೆ. 1964ರ ಭೂಕಂದಾಯ ಕಾಯಿದೆಯ ಪ್ರಕಾರ ಬಿನ್‌ಶೇತ್ಕಿ (ಕೃಷಿಯೇತರ) ಪರವಾನಗಿಯೂ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಪ್ರಕಾರ ಬಡಾವಣೆಯ ನಕ್ಷೆಗೆ ಒಪ್ಪಿಗೆಯೂ ಬೇಕೆಂಬುದು ಕೊಂಡವನಿಗೆ ತಿಳಿಯುವುದು ನಳಕ್ಕಾಗಿ ಅರ್ಜಿ ಹಿಡಿದು ಬಂದ ದಿನ. ಅನುಮತಿ ಕೇಳಿ ಬಂದವನನ್ನು ಮಾತ್ರ ತಡೆಯಬಲ್ಲ ಆಜ್ಞೆಯು, ಅನುಮತಿಯನ್ನೇ ಕೇಳದವನನ್ನು ಮುಟ್ಟದೆ ಹೋಗುವುದರಿಂದ, ಸಾರಾಸಗಟು ತಡೆಯು ಇಲ್ಲಿ ಪ್ರಾಮಾಣಿಕನಿಗಷ್ಟೆ ಶಿಕ್ಷೆಯಾದೀತು. ಇನ್ನೊಂದು ಅಪಾಯವಿದೆ. ನಿಪ್ಪಾಣಿಯಲ್ಲಿ ಬೀಡಿ ಸುತ್ತಿ ಪೈಸೆ ಪೈಸೆ ಕೂಡಿಟ್ಟ ಹೆಣ್ಣುಮಗಳಿಗೆ ಮನೆಯೆಂದರೆ ಒಂದು ಗುಂಟೆ ಜಾಗ. ಹೊಳೆಯ ದಂಡೆಯಿಂದ ಎತ್ತರದ ನೆಲಕ್ಕೆ ಹೋಗಬಯಸುವ ಸಂತ್ರಸ್ತನಿಗೂ ಅಷ್ಟೆ. ಇವರನ್ನು ತಡೆದು ನಿಲ್ಲಿಸಿದರೆ, ಒಬ್ಬಳು ಬಾಡಿಗೆಯ ಏರಿಕೆಗೆ ಸಿಕ್ಕುವಳು, ಮತ್ತೊಬ್ಬನು ಹೊಳೆಯ ಬಾಯಿಯಲ್ಲೇ ಉಳಿಯುವನು.

ಆದುದರಿಂದ ನಾನು ತಡೆಯ ಪಕ್ಷಪಾತಿಯಾಗಿದ್ದೂ ಊರಿಗೆ ಊರನ್ನೇ ನಿಲ್ಲಿಸುವ ತಡೆಯನ್ನು ಒಪ್ಪಲಾರೆನು. 2019ರ ಮತ್ತು 2021ರ ನೀರು ಎಲ್ಲಿಯವರೆಗೆ ಏರಿತ್ತೆಂಬುದನ್ನು ಆಯಾ ಊರಿನ ಮುದುಕರೂ ಗೋಡೆಯ ಮೇಲಿನ ಕೆಸರಿನ ಗುರುತುಗಳೂ ಹೇಳಬಲ್ಲವು. ಹೊಳೆಯ ಪಕ್ಕದ ಕುಡಚಿ, ಉಗಾರ, ಸದಲಗಾಗಳಲ್ಲಿ ಆ ಗುರುತಿನ ಕೆಳಗಿನ ಸರ್ವೆ ನಂಬರುಗಳಿಗೆ ಮಾತ್ರ ತಡೆಯಿರಲಿ. ನೆರೆಯ ಮಟ್ಟದ ನಕ್ಷೆ ಸಿದ್ಧವಾಗುವ ದಿನವೇ ತಡೆಯ ಕೊನೆಯ ದಿನವಾಗಲಿ. ಎತ್ತರದ ನೆಲಕ್ಕೆ ಬರುವವರಿಗೆ ಬಾಗಿಲು ಅಂದೇ ತೆರೆದಿರಲಿ. ಚರ್ಚೆಯು ಮುಚ್ಚಿದ ಕೋಣೆಯಲ್ಲಿ ನಡೆಯದೆ, ಆಯಾ ಊರಿನ ಪುರಸಭೆಯೇ ಆ ಸರ್ವೆ ನಂಬರುಗಳನ್ನು ಒಂದೊಂದಾಗಿ ಸಾಮಾನ್ಯ ಸಭೆಯಲ್ಲಿ ಓದಿಸಲಿ. ಪ್ಲಾಟು ಕೊಳ್ಳಲು ಮುಂಗಡ ಕೊಟ್ಟವನು ಅಂದು ಗ್ಯಾಲರಿಯಲ್ಲಿ ಕುಳಿತು ತನ್ನ ನಂಬರು ಬಂತೋ ಇಲ್ಲವೋ ಎಂದು ಕಿವಿಗೊಟ್ಟು ಕೇಳುವಂತಾಗಲಿ.